ಕಡಲಿನ ಚಿತ್ರೋತ್ಸವ: ಒಳನಾಡಿನ ವರ್ತಕರ ಪಾಲು

ಸಮುದ್ರ ಸಂರಕ್ಷಣೆಯ ಮಾತು ಬಂದೊಡನೆ ದಕ್ಷಿಣ ಕನ್ನಡದ ವ್ಯಾಪಾರಿ ಸಮುದಾಯದ ದೃಷ್ಟಿ ಸಹಜವಾಗಿಯೇ ಮಂಗಳೂರಿನ ದಕ್ಕೆ, ಪಣಂಬೂರಿನ ಬಂದರು, ಉಳ್ಳಾಲದ ಕಡಲ್ಕೊರೆತಗಳತ್ತ ಹರಿಯುತ್ತದೆ. ಅದು ತೀರದವರ ಪ್ರಶ್ನೆ, ಮೀನುಗಾರರ ಪ್ರಶ್ನೆ, ಹೆಚ್ಚೆಂದರೆ ಸರಕಾರದ ಪ್ರಶ್ನೆ ಎಂಬ ಭಾವನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಒಳನಾಡಿನ ಪೇಟೆಗಳಲ್ಲಿ ಬಲವಾಗಿ ಬೇರೂರಿದೆ. ಕಡಲು ಮತ್ತು ಕಡಲಜೀವಿಗಳ ಸಂರಕ್ಷಣೆಯನ್ನು ಕುರಿತ ಚಲನಚಿತ್ರಗಳ ಉತ್ಸವಗಳು ಇಂದು ಜಗತ್ತಿನ ಅನೇಕ ನಗರಗಳಲ್ಲಿ ನಡೆಯುತ್ತಿವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2004ರಿಂದ ಇಂತಹದೊಂದು ಉತ್ಸವ ನಡೆದುಬಂದಿದೆ. ಭಾರತದಲ್ಲಿ 2020ರಲ್ಲಿ ಆರಂಭವಾದ 'ಆಲ್ಟ್ ಇಎಫ್ಎಫ್' ಎಂಬ ಪರಿಸರ ಚಿತ್ರೋತ್ಸವವು ಊರೂರುಗಳ ಆಸಕ್ತರು ತಮ್ಮಲ್ಲಿಯೇ ಪ್ರದರ್ಶನಗಳನ್ನು ಏರ್ಪಡಿಸಿಕೊಳ್ಳುವ ಕ್ರಮವನ್ನು ರೂಢಿಗೆ ತಂದಿದೆ.

ಇಂತಹ ಉತ್ಸವವೊಂದು ಈ ಜಿಲ್ಲೆಯಲ್ಲಿ ನಡೆಯುವುದಾದರೆ ಅದು ಮಂಗಳೂರಿನ ಮಾಲ್‌ನಲ್ಲಿ ಅಲ್ಲ, ಘಟ್ಟದ ಬುಡದ ಈ ಮೂರು ಪೇಟೆಗಳಲ್ಲಿ ನಡೆಯಬೇಕು, ಪ್ರವೇಶ ಉಚಿತವಾಗಿರಬೇಕು, ಅದರ ಖರ್ಚನ್ನು ಸ್ಥಳೀಯ ವರ್ತಕರು ಮತ್ತು ಸಣ್ಣ ಉದ್ದಿಮೆದಾರರೇ ಭರಿಸಬೇಕು. ಮೇಲ್ನೋಟಕ್ಕೆ ಇದು ವಿಚಿತ್ರ ಸಲಹೆಯೆನಿಸಬಹುದು. ಲೆಕ್ಕ ಹಾಕಿ ನೋಡಿದರೆ ಅಷ್ಟು ವಿಚಿತ್ರವಲ್ಲ.

ನೀರು ಹೋಗುವ ದಾರಿ

ಮೊದಲನೆಯದು ಭೂಗೋಳದ ಲೆಕ್ಕ. ಕುದುರೆಮುಖದ ಮಲೆಗಳಲ್ಲಿ ಹುಟ್ಟುವ ನೇತ್ರಾವತಿಯು ಬೆಳ್ತಂಗಡಿ ತಾಲೂಕನ್ನು ಹಾಯ್ದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಮಗ್ಗುಲಿನಲ್ಲಿ ಸಾಗಿ ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ವೇಣೂರಿನ ಬಾಹುಬಲಿಯ ಪಾದದಡಿ ಹರಿಯುವ ಫಲ್ಗುಣಿ, ಅಂದರೆ ಗುರುಪುರ ನದಿ, ಸೇರುವುದೂ ಅದೇ ಅಳಿವೆಗೆ. ಮೂಡುಬಿದಿರೆ ಕಡೆಯ ತೊರೆಗಳ ನೀರಿನಲ್ಲಿ ಒಂದು ಪಾಲು ಫಲ್ಗುಣಿಗೆ ಹೋದರೆ, ಮತ್ತೊಂದು ಪಾಲು ನಂದಿನಿ ಮತ್ತು ಶಾಂಭವಿ ನದಿಗಳ ಮೂಲಕ ಮುಲ್ಕಿ-ಸಸಿಹಿತ್ಲಿನ ಬಳಿ ಕಡಲನ್ನು ಸೇರುತ್ತದೆ. ಹೀಗೆ ಮೂರು ತಾಲೂಕುಗಳ ಅಂಗಡಿ ಬೀದಿಗಳ ಚರಂಡಿಗೆ ಬಿದ್ದ ಪ್ರತಿಯೊಂದು ಹೊದಿಕೆ, ಪ್ರತಿಯೊಂದು ಲೋಟ, ಮೊದಲ ದೊಡ್ಡ ಮಳೆಗೆ ಹೊರಟರೆ ಸೇರಬೇಕಾದ ವಿಳಾಸ ಒಂದೇ.

ಹಳೆಯ ತಲೆಮಾರಿನ ವರ್ತಕರಿಗೆ ಈ ನಂಟನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಸ್ತೆ ಸಾರಿಗೆ ಬಲಗೊಳ್ಳುವ ಮುನ್ನ ಮಂಗಳೂರು ಮತ್ತು ಬಂಟ್ವಾಳಗಳ ನಡುವಣ ಸರಕು ದೋಣಿಗಳಲ್ಲಿ ನೇತ್ರಾವತಿಯ ಮೇಲೆಯೇ ಸಾಗುತ್ತಿತ್ತು. ಬಂಟ್ವಾಳ ಪೇಟೆಯು ಘಟ್ಟದ ಮೇಲಿನ ಉತ್ಪನ್ನಕ್ಕೂ ಕಡಲಿನ ಸರಕಿಗೂ ನಡುವಣ ಮಂಡಿಯಾಗಿ ಬೆಳೆದದ್ದೇ ಆ ನದಿಯಿಂದ. 'ಮಾರಿಬೊಳ್ಳ' ಎಂದು ಇಂದಿಗೂ ಜನ ನೆನೆಯುವ 1923ರ ಪ್ರವಾಹವೂ 1974ರ ಪ್ರವಾಹವೂ ಅದೇ ಪೇಟೆಯ ಗೋದಾಮುಗಳಿಗೆ ನುಗ್ಗಿದವು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಗ್ರಾಮಗಳು ಏಕಾಏಕಿ ಬಂದ ನೆರೆಗೆ ತತ್ತರಿಸಿದವು. ಅದೇ ತಿಂಗಳು ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯದ ರಾಶಿ ಜಾರಿ ಮಂದಾರ ಪ್ರದೇಶದ ಮನೆ-ತೋಟಗಳನ್ನು ಮುಚ್ಚಿತು. ಅದರ ಕೊಳಕು ನೀರು ಫಲ್ಗುಣಿಯನ್ನು ಸೇರಿತು. ನೀರಿನ ದಾರಿ ಎಲ್ಲರಿಗೂ ಒಂದೇ ಎಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಬೇಕಿಲ್ಲ.

ಇದರೊಂದಿಗೆ ಇನ್ನೊಂದು ವಾದವನ್ನೂ ಗಮನಿಸಬೇಕು. ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ಕಡಲು ಸೇರಿ 'ವ್ಯರ್ಥ'ವಾಗುತ್ತದೆ ಎಂಬ ಮಾತು ಎತ್ತಿನಹೊಳೆ ಯೋಜನೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂತು. ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆತಿದೆ. ಅದರ ಸಾಧಕ-ಬಾಧಕಗಳ ಚರ್ಚೆ ಬೇರೆಯೇ ಲೇಖನದ ವಸ್ತು. ಆದರೆ ಮಳೆಗಾಲದ ಕೆಂಪು ನೀರು ಹೊತ್ತು ತರುವ ಪೋಷಕಾಂಶಗಳಿಂದ ಅಳಿವೆ ಮತ್ತು ತೀರದ ನೀರಿನಲ್ಲಿ ಮೀನಿನ ಆಹಾರ ಬೆಳೆಯುತ್ತದೆ, ಅನೇಕ ಜಾತಿಯ ಮೀನು-ಸಿಗಡಿಗಳ ಮರಿಗಳು ಅಳಿವೆಯಲ್ಲಿಯೇ ದೊಡ್ಡವಾಗುತ್ತವೆ ಎಂಬುದು ಪಠ್ಯಪುಸ್ತಕದ ಸಂಗತಿ. ಅದನ್ನು ಭಾಷಣದಿಂದ ಮನಗಾಣಿಸುವುದು ಕಷ್ಟ. ನೀರಿನೊಳಗಣ ಹತ್ತು ನಿಮಿಷದ ದೃಶ್ಯದಿಂದ ಸುಲಭ.

ಮೀನಿನ ಲೆಕ್ಕ

ಎರಡನೆಯದು ವ್ಯಾಪಾರದ ಲೆಕ್ಕ. ಮಂಗಳೂರಿನ ದಕ್ಕೆಯಿಂದ ಬೆಳಗಿನ ಜಾವ ಹೊರಡುವ ಮೀನಿನ ವಾಹನಗಳು ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆಗಳ ಮಾರುಕಟ್ಟೆಗಳನ್ನು ತಲುಪುತ್ತವೆ. ಬೂತಾಯಿ ಮತ್ತು ಬಂಗುಡೆಯ ದರ ಏರಿದ ದಿನ ಊಟದ ಹೋಟೆಲಿನ ಲೆಕ್ಕ ತಪ್ಪುತ್ತದೆ. ಬೂತಾಯಿಯಿಂದ ತಯಾರಾಗುವ ಮೀನಿನ ಹುಡಿ, ಮೀನೆಣ್ಣೆಗಳು ಪ್ರಾಣಿ ಆಹಾರದ ಉದ್ಯಮಕ್ಕೆ ಕಚ್ಚಾವಸ್ತು. ಮಂಜುಗಡ್ಡೆ, ಬಲೆ, ಹಗ್ಗ, ಡೀಸೆಲ್, ಲಾರಿ, ಬಿಡಿಭಾಗಗಳ ವ್ಯಾಪಾರ ಇದರ ಬಾಲಂಗೋಚಿ.

ಈ ಬೂತಾಯಿಯ ಕಥೆಯನ್ನು ನೋಡಬೇಕು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಸೇರಿದ್ದು ಸುಮಾರು 3,300 ಟನ್ ಮಾತ್ರ. ಅಂದರೆ ನೂರು ಪಾಲಿನಲ್ಲಿ ಒಂದು ಪಾಲೂ ಇಲ್ಲ. ಅನಂತರದ ವರ್ಷಗಳಲ್ಲಿ ಮೀನು ಚೇತರಿಸಿಕೊಂಡಿತು ಎಂಬುದು ಸಮಾಧಾನದ ವಿಷಯ. ಸಮುದ್ರದ ಉಷ್ಣತೆ ಮತ್ತು ಹವಾಮಾನದ ಏರಿಳಿತ ಒಂದು ಕಾರಣವಾದರೆ, ಮೊಟ್ಟೆಯಿಡುವ ಮೊದಲೇ ಸಣ್ಣ ಮೀನನ್ನು ಬಾಚಿ ಹುಡಿಯ ಕಾರ್ಖಾನೆಗೆ ಸಾಗಿಸಿದ್ದು ಇನ್ನೊಂದು ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ಯಾವ ಅಂಗಡಿಯೇ ಆಗಲಿ, ದಾಸ್ತಾನು ಒಂದು ದಶಕದೊಳಗೆ ನೂರರಿಂದ ಒಂದಕ್ಕೆ ಇಳಿದರೆ ಮಾಲಿಕ ನಿದ್ದೆ ಮಾಡಲಾರ. ಕಡಲಿನ ದಾಸ್ತಾನು ಯಾರ ಪುಸ್ತಕದಲ್ಲಿಯೂ ಇಲ್ಲದ ಕಾರಣ ಎಲ್ಲರೂ ನೆಮ್ಮದಿಯಾಗಿ ನಿದ್ರಿಸುತ್ತಾರೆ.

ಕಡಲಿಗಾದ ಹಾನಿಗೂ ಒಂದು ದಿನ ಬಿಲ್ಲು ಬರುತ್ತದೆ ಎಂಬುದನ್ನು 2025 ತೋರಿಸಿಕೊಟ್ಟಿತು. ಆ ವರ್ಷದ ಮೇ ತಿಂಗಳ ಕೊನೆಯಲ್ಲಿ 'ಎಂಎಸ್‌ಸಿ ಎಲ್ಸಾ 3' ಎಂಬ ಕಂಟೇನರ್ ಹಡಗು ಕೊಚ್ಚಿಯ ಸಮೀಪ ಮುಳುಗಿ, ಪ್ಲಾಸ್ಟಿಕ್ ತಯಾರಿಕೆಯ ಕಚ್ಚಾ ಹರಳುಗಳು ಕೇರಳದ ತೀರದುದ್ದಕ್ಕೂ ಹರಡಿದವು. ಕೇರಳ ಸರಕಾರವು ಉಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯ ಮೊತ್ತ ರೂ. 9,531 ಕೋಟಿ. ದಾವೆಯ ಫಲಿತಾಂಶ ಏನೇ ಇರಲಿ, ಸಮುದ್ರದ ಹೆಸರಿನಲ್ಲಿ ಅಷ್ಟು ದೊಡ್ಡ ಖರ್ಚಿನ ಚೀಟಿ ಬರೆಯಲ್ಪಟ್ಟಿತು ಎಂಬುದೇ ಗಮನಾರ್ಹ. ಉಳ್ಳಾಲದ ಬಳಿ 2022ರ ಜೂನ್‌ನಲ್ಲಿ 'ಪ್ರಿನ್ಸೆಸ್ ಮಿರಾಲ್' ಹಡಗು ಮುಳುಗಿದಾಗ ಈ ಜಿಲ್ಲೆಯ ತೀರವೂ ಇಂತಹ ಆತಂಕವನ್ನು ಅನುಭವಿಸಿದೆ.

ಚಿತ್ರದಿಂದ ಏನಾದೀತು?

'ಸಿನಿಮಾ ನೋಡಿ ಯಾರು ಬದಲಾಗುತ್ತಾರೆ?' ಎಂಬುದು ಸಾಮಾನ್ಯ ಆಕ್ಷೇಪ. ಇದಕ್ಕೆ ಎರಡು ನೈಜ ಪ್ರಸಂಗಗಳು ಉತ್ತರ ನೀಡುತ್ತವೆ.

ಮೊದಲನೆಯದು ಗುಜರಾತಿನದು. ಜಗತ್ತಿನ ಅತಿದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಅನ್ನು ಗುಜರಾತ್ ತೀರದಲ್ಲಿ ಮೊದಲು ಅದರ ಯಕೃತ್ತಿನ ಎಣ್ಣೆಗಾಗಿ, ಬಳಿಕ ಮಾಂಸದ ರಫ್ತಿಗಾಗಿ ಬೇಟೆಯಾಡಲಾಗುತ್ತಿತ್ತು. ಎಣ್ಣೆಯನ್ನು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ಮೈಕ್ ಪಾಂಡೆ ಅವರ 'ಶೋರ್ಸ್ ಆಫ್ ಸೈಲೆನ್ಸ್' ಸಾಕ್ಷ್ಯಚಿತ್ರ 2000ದಲ್ಲಿ ಈ ದೃಶ್ಯಗಳನ್ನು ಹೊರಗೆ ತಂದಿತು. 2001ರ ಮೇ ತಿಂಗಳಿನಲ್ಲಿ ಕೇಂದ್ರ ಸರಕಾರವು ತಿಮಿಂಗಿಲ ಶಾರ್ಕ್ ಅನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿತು. ಆ ಕಾಯಿದೆಯಡಿ ರಕ್ಷಣೆ ಪಡೆದ ಮೊದಲ ಮೀನು ಅದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾನೂನು ಬಂದ ಮಾತ್ರಕ್ಕೆ ಮೀನುಗಾರನ ಬಲೆಗೆ ಸಿಕ್ಕ ಶಾರ್ಕ್ ಬಿಡುಗಡೆಯಾಗುವುದಿಲ್ಲ; ಬಿಡಿಸಬೇಕಾದರೆ ಬಲೆ ಕತ್ತರಿಸಬೇಕು, ಬಲೆಗೆ ಹಣ ಬೇಕು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯು ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಕಂಪನಿಯ ಜೊತೆಗೂಡಿ ಅಭಿಯಾನ ಆರಂಭಿಸಿತು. ಪ್ರವಚನಕಾರ ಮೊರಾರಿ ಬಾಪು ಅವರು ತವರಿಗೆ ಹೆರಿಗೆಗೆ ಬರುವ ಮಗಳಿಗೆ ಆ ಮೀನನ್ನು ಹೋಲಿಸಿ ಮೀನುಗಾರರ ಮನವೊಲಿಸಿದರು. ಕತ್ತರಿಸಿದ ಬಲೆಗೆ ಪರಿಹಾರ ನೀಡುವ ವ್ಯವಸ್ಥೆಯೂ ಬಂತು. ನೂರಾರು ಶಾರ್ಕ್‌ಗಳು ಬಲೆಯಿಂದ ಬಿಡುಗಡೆಗೊಂಡವು. ಚಿತ್ರ ಕಣ್ಣು ತೆರೆಸಿತು, ಕಾನೂನು ಗೆರೆ ಎಳೆಯಿತು, ಬಲೆಗೆ ಕೊಟ್ಟ ಹಣ ಕೆಲಸ ಮಾಡಿಸಿತು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಫಲ ದೊರೆಯುತ್ತಿರಲಿಲ್ಲ.

ಎರಡನೆಯದು ಈ ಜಿಲ್ಲೆಗೆ ಹತ್ತಿರದ ಮತ್ತು ಇಲ್ಲಿನ ವ್ಯಾಪಾರಿಗಳಿಗೆ ಅಷ್ಟೇನೂ ಹಿತವಲ್ಲದ ಪ್ರಸಂಗ. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಕುರಿತು ಶೇಖರ್ ದತ್ತಾತ್ರಿ ಅವರು 2001ರಲ್ಲಿ 'ಮೈಂಡ್‌ಲೆಸ್ ಮೈನಿಂಗ್' ಎಂಬ ಕಿರು ಸಾಕ್ಷ್ಯಚಿತ್ರ ತಯಾರಿಸಿದರು. ಗಣಿಯ ಮಣ್ಣು ನದಿಯನ್ನು ಕೆಂಪಾಗಿಸುವುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸಿತು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲಬೇಕೆಂದು ಆದೇಶಿಸಿತು. ತೀರ್ಪು ಬಂದದ್ದು ಅರ್ಜಿ, ದಾಖಲೆ, ವಾದಗಳಿಂದಲೇ ಹೊರತು ಚಿತ್ರವೊಂದರಿಂದಲೇ ಅಲ್ಲ. ಆದರೂ ಜನಾಭಿಪ್ರಾಯ ರೂಪಿಸುವಲ್ಲಿ ಆ ಚಿತ್ರ ವಹಿಸಿದ ಪಾತ್ರವನ್ನು ಅಲ್ಲಗಳೆಯಲಾಗದು. ಪಣಂಬೂರಿಗೆ ಕೊಳವೆಯಲ್ಲಿ ಇಳಿದುಬರುತ್ತಿದ್ದ ಅದಿರು ನಿಂತಿತು. ಮಂಗಳೂರಿನ ಪೆಲೆಟ್ ಘಟಕ ಹೊರಗಿನಿಂದ ಅದಿರು ಕೊಂಡು ನಡೆಯಬೇಕಾಯಿತು. ಗಣಿಯನ್ನು ನೆಚ್ಚಿದ್ದ ಗುತ್ತಿಗೆ, ಸಾಗಾಟ, ಅಂಗಡಿ ವ್ಯವಹಾರಗಳಿಗೆ ಪೆಟ್ಟು ಬಿತ್ತು.

ಆದುದರಿಂದ ಚಿತ್ರವೊಂದು ವ್ಯಾಪಾರಕ್ಕೆ ನಷ್ಟವನ್ನೂ ತರಬಲ್ಲದು ಎಂಬುದನ್ನು ಮರೆಮಾಚಿ ವರ್ತಕರಿಂದ ವಂತಿಗೆ ಕೇಳುವುದು ಪ್ರಾಮಾಣಿಕತೆಯಲ್ಲ. ಹಾಗಿದ್ದರೂ ಕೊಡಬೇಕೇಕೆ? ಬರಲಿರುವ ನಷ್ಟದ ಸೂಚನೆ ದೊರೆತೊಡನೆ ಅದಕ್ಕೆ ಪುಸ್ತಕದಲ್ಲಿ ಅವಕಾಶ ಕಲ್ಪಿಸಬೇಕು, ಲಾಭವನ್ನಾದರೋ ಕೈಸೇರಿದ ಮೇಲೆ ಮಾತ್ರ ಬರೆದುಕೊಳ್ಳಬೇಕು ಎಂಬುದು ಲೆಕ್ಕಶಾಸ್ತ್ರದ ಹಳೆಯ ನಿಯಮ. ಗಣಿ ನಿಲ್ಲಬಹುದೆಂಬ ಸೂಚನೆ ವರ್ಷಗಳ ಮೊದಲೇ ಇತ್ತು. ಅದನ್ನು ಗಮನಿಸಿ ವ್ಯವಹಾರವನ್ನು ಬೇರೆಡೆಗೆ ಹೊರಳಿಸಿದವರು ಉಳಿದುಕೊಂಡರು. ಕೆಟ್ಟ ಸುದ್ದಿಯನ್ನು ಮುಂಚಿತವಾಗಿ ಕೇಳುವುದಕ್ಕೆ ತಗಲುವ ವೆಚ್ಚ ಯಾವಾಗಲೂ ಕಡಿಮೆ.

ಉಚಿತವೆಂದರೆ ಪುಕ್ಕಟೆಯಲ್ಲ

ಉಚಿತವಾಗಿ ಕೊಟ್ಟುದಕ್ಕೆ ಬೆಲೆಯಿಲ್ಲ ಎಂಬುದು ಅಂಗಡಿ ಬೀದಿಯ ಅನುಭವದ ಮಾತು. ಟಿಕೆಟ್ ಇಟ್ಟರೆ ಬಂದವರು ಕುಳಿತು ನೋಡುತ್ತಾರೆ, ಇಲ್ಲವಾದರೆ ಎದ್ದು ಹೋಗುತ್ತಾರೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ವನ್ಯಜೀವಿ ಚಿತ್ರಕ್ಕೂ ಹಣ ಕೊಡುವ ಪ್ರೇಕ್ಷಕರಿದ್ದಾರೆ ಎಂಬುದನ್ನು 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡ 'ವೈಲ್ಡ್ ಕರ್ನಾಟಕ' ತೋರಿಸಿದೆ. ಆದರೆ ಹಾಗೆ ಹಣ ಕೊಟ್ಟು ಬರುವವರು ಈಗಾಗಲೇ ಆಸಕ್ತಿ ಇರುವವರು. ಇಲ್ಲಿ ಬೇಕಾದ ಪ್ರೇಕ್ಷಕರು ಬೇರೆ: ಬೀಡಿ ಕಟ್ಟುವ ಮಹಿಳೆ, ಹೋಟೆಲಿನ ಅಡುಗೆಯವನು, ರಬ್ಬರ್ ಟ್ಯಾಪಿಂಗ್ ಕಾರ್ಮಿಕ, ಸರಕಾರಿ ಶಾಲೆಯ ಮಕ್ಕಳು, ಪೌರಕಾರ್ಮಿಕರು, ಗೂಡಂಗಡಿಯವರು.

ಕರಾವಳಿಗೆ ಈ ಪದ್ಧತಿ ಹೊಸದೂ ಅಲ್ಲ. ಯಕ್ಷಗಾನದಲ್ಲಿ ಟಿಕೆಟಿನ ಟೆಂಟ್ ಆಟವೂ ಉಂಟು, ಹರಕೆಯ ಬಯಲಾಟವೂ ಉಂಟು. ಬಯಲಾಟದಲ್ಲಿ ನೋಡುವವನು ಕಾಸು ಕೊಡುವುದಿಲ್ಲ. ಇಡೀ ರಾತ್ರಿಯ ವೀಳ್ಯವನ್ನು ಸೇವಾಕರ್ತರು ಭರಿಸುತ್ತಾರೆ. ಕಟೀಲು ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಗಡ ಕಾಯುವವರಿದ್ದಾರೆ. ಆಟ ಉಚಿತವೆಂದು ಯಾರೂ ಅದನ್ನು ಅಗ್ಗದ್ದೆಂದು ಕಂಡಿಲ್ಲ. ಖರ್ಚು ಮಾಡಿದವರ ಹೆಸರು ಊರಿಗೆಲ್ಲ ಗೊತ್ತು, ಪ್ರಸಂಗದ ಪದ್ಯಗಳನ್ನು ಅವರು ತಿದ್ದಲು ಹೋಗುವುದಿಲ್ಲ. ಚಿತ್ರೋತ್ಸವದ ಪ್ರಾಯೋಜಕರಿಗೂ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಗಂಭೀರ ಚಿತ್ರಗಳು ಹಳ್ಳಿಯ ಜನರಿಗೆ ಅರ್ಥವಾಗುವುದಿಲ್ಲ ಎಂಬ ಶಂಕೆಗೆ ಸಾಗರ ತಾಲೂಕಿನ ಹೆಗ್ಗೋಡು ಉತ್ತರ ಕೊಟ್ಟು ದಶಕಗಳೇ ಸಂದಿವೆ. ಕೆ.ವಿ. ಸುಬ್ಬಣ್ಣನವರ ನೇತೃತ್ವದ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಬೆಳೆಗಾರರ ಊರಿಗೆ ತಂದಿತು. 1980ರ ದಶಕದಲ್ಲಿ ಜನಸ್ಪಂದನ ಯೋಜನೆಯ ಮೂಲಕ ಆ ಚಿತ್ರಗಳು ಇನ್ನಷ್ಟು ಹಳ್ಳಿಗಳಿಗೆ ಹೋದವು. ಪ್ರದರ್ಶನಕ್ಕೆ ಮೊದಲು ಕನ್ನಡದಲ್ಲಿ ನಾಲ್ಕು ಮಾತು, ಬಳಿಕ ಚರ್ಚೆ ಎಂಬ ಸರಳ ಕ್ರಮವೇ ಭಾಷೆಯ ಗೋಡೆಯನ್ನು ಕೆಡವಿತು. ಬಂಟ್ವಾಳ-ಬೆಳ್ತಂಗಡಿಗಳಲ್ಲಿ ಆ ನಾಲ್ಕು ಮಾತು ತುಳುವಿನಲ್ಲಿಯೂ ಬ್ಯಾರಿಯಲ್ಲಿಯೂ ಆಗಬಹುದು.

ಚಿತ್ರಗಳ ಆಯ್ಕೆಯಲ್ಲಿ ಪ್ರಾಣಿಗಳ ಚೆಲುವಷ್ಟೇ ಇದ್ದರೆ ಸಾಲದು. ಅಭಯ ಸಿಂಹ ನಿರ್ದೇಶನದ, ಅತ್ಯುತ್ತಮ ತುಳು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ 'ಪಡ್ಡಾಯಿ' ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಇಲ್ಲಿನ ಮೀನುಗಾರರ ನಡುವೆ ಇರಿಸಿದೆ. ಕಡಲಿನ ಕುರಿತ ಚರ್ಚೆಗೆ ಅದು ಒಳ್ಳೆಯ ಪ್ರವೇಶ. ಡೇವಿಡ್ ಅಟೆನ್‌ಬರೊ ಅವರ 2025ರ 'ಓಷನ್' ಚಿತ್ರದಲ್ಲಿ ತಳ ಎಳೆಯುವ ಟ್ರಾಲ್ ಬಲೆ ಸಮುದ್ರದ ನೆಲವನ್ನು ಹೇಗೆ ಕೆರೆದುಕೊಂಡು ಹೋಗುತ್ತದೆ ಎಂಬುದನ್ನು ನೀರಿನೊಳಗಿನಿಂದಲೇ ತೋರಿಸಲಾಗಿದೆ. ಟ್ರಾಲ್ ದೋಣಿಗಳನ್ನು ನೆಚ್ಚಿದ ಸಾವಿರಾರು ಕುಟುಂಬಗಳಿರುವ ಜಿಲ್ಲೆಯಲ್ಲಿ ಅದನ್ನು ತೋರಿಸಿದ ಬಳಿಕ ದೋಣಿ ಮಾಲಿಕರಿಗೆ ಉತ್ತರಿಸಲು ವೇದಿಕೆ ಕೊಡದಿರುವುದು ಅನ್ಯಾಯ. ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ಬುಲ್ ಟ್ರಾಲಿಂಗ್ ಮತ್ತು ಎಲ್‌ಇಡಿ ದೀಪದ ಮೀನುಗಾರಿಕೆಯನ್ನು ನಿಷೇಧಿಸಿದಾಗ ಸಾಂಪ್ರದಾಯಿಕ ಮೀನುಗಾರರೂ ಯಾಂತ್ರಿಕ ದೋಣಿಯವರೂ ಎರಡು ಬಣವಾಗಿ ನಿಂತದ್ದನ್ನು ಕರಾವಳಿ ಕಂಡಿದೆ. ಇಬ್ಬರ ಮಾತನ್ನೂ ಗಿರಾಕಿ ಕೇಳಬೇಕಾಗಿದೆ.

ವರ್ತಕರ ದೂರು

ಪ್ಲಾಸ್ಟಿಕ್ ವಿಷಯಕ್ಕೆ ಬಂದಾಗ ಸಣ್ಣ ವರ್ತಕರ ದೂರು ನ್ಯಾಯವಾದುದು. ಕರ್ನಾಟಕ ಸರಕಾರವು 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ಲೋಟ, ಫ್ಲೆಕ್ಸ್ ಮೊದಲಾದವುಗಳನ್ನು ನಿಷೇಧಿಸಿತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ದಾಳಿಯಾದಾಗ ದಂಡ ತೆರುವವನು ಕಿರಾಣಿ ಅಂಗಡಿಯವನು. ಚೀಲ ತಯಾರಿಸಿ ಕಳುಹಿಸಿದವನು ಎಲ್ಲೋ ಇರುತ್ತಾನೆ. ಇನ್ನು ನಾಡಿನ ತೋಡುಗಳಲ್ಲಿ ತೇಲುವ ಹೊದಿಕೆಗಳಲ್ಲಿ ಬಹುಪಾಲು ದೊಡ್ಡ ಕಂಪನಿಗಳ ಪೊಟ್ಟಣಗಳು. 2022ರ ಫೆಬ್ರವರಿಯ ಮಾರ್ಗಸೂಚಿಯಂತೆ ಬ್ರ್ಯಾಂಡ್ ಒಡೆತನದ ಕಂಪನಿಗಳು ತಮ್ಮ ಪೊಟ್ಟಣದ ತ್ಯಾಜ್ಯದ ಹೊಣೆ ಹೊರಬೇಕು. ಸೂಕ್ಷ್ಮ ಮತ್ತು ಸಣ್ಣ ಬ್ರ್ಯಾಂಡ್ ಮಾಲಿಕರಿಗೆ ಅದರಿಂದ ವಿನಾಯಿತಿ ಇದೆ. ಈ ಹೊಣೆಯನ್ನು ದೊಡ್ಡವರಿಂದ ವಸೂಲು ಮಾಡಿಸುವ ಒತ್ತಡ ಬರಬೇಕಾದುದು ವರ್ತಕರ ಸಂಘಟನೆಗಳಿಂದ. ನಿಟ್ಟೆ, ತೆಂಕ ಎಡಪದವುಗಳಲ್ಲಿರುವ ಒಣಕಸ ವಿಂಗಡಣಾ ಘಟಕಗಳಂತಹವು ನಡೆಯಬೇಕಾದರೂ ಅಂಗಡಿಗಳಿಂದ ವಿಂಗಡಿಸಿದ ಕಸ ಬರಬೇಕು. ಚಿತ್ರೋತ್ಸವದ ಸಭಾಂಗಣವು ಈ ದೂರನ್ನು ಸಾರ್ವಜನಿಕವಾಗಿ ಮಂಡಿಸಲು ವರ್ತಕರಿಗೆ ದೊರೆಯುವ ಅಪೂರ್ವ ಸ್ಥಳ.

ಸಣ್ಣ ಉದ್ದಿಮೆದಾರರಿಗೆ ಇದರಲ್ಲಿ ಅವಕಾಶವೂ ಇದೆ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕಗಳು ಈ ಭಾಗದಲ್ಲಿ ಸಾಕಷ್ಟಿವೆ. 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಳೆ ತಟ್ಟೆಗಳ ಆಮದಿನ ಮೇಲೆ ನಿರ್ಬಂಧದ ಸೂಚನೆ ಹೊರಡಿಸಿದ ಬಳಿಕ ರಫ್ತನ್ನೇ ನೆಚ್ಚಿಕೊಂಡವರಿಗೆ ಊರ ಮಾರುಕಟ್ಟೆಯ ಬೆಲೆ ತಿಳಿದಿದೆ. ಬಟ್ಟೆಚೀಲ, ಕಾಗದದ ಪೊಟ್ಟಣ ತಯಾರಕರ ಸ್ಥಿತಿಯೂ ಅಷ್ಟೇ: ಗಿರಾಕಿಯ ಮನಸ್ಸು ಬದಲಾಗದೆ ಇವರ ಸರಕು ಮಾರಾಟವಾಗುವುದಿಲ್ಲ.

ದಿನ, ಸ್ಥಳ, ಕಾನೂನು

ವಿಶ್ವಸಂಸ್ಥೆಯು 2009ರಿಂದ ಜೂನ್ 8ನ್ನು ವಿಶ್ವ ಸಾಗರ ದಿನವಾಗಿ ಆಚರಿಸುತ್ತಿದೆ. ತುಳುನಾಡಿನ ಪಂಚಾಂಗಕ್ಕೆ ಈ ದಿನ ಆಶ್ಚರ್ಯಕರವಾಗಿ ಹೊಂದಿಕೊಳ್ಳುತ್ತದೆ. ಪತ್ತನಾಜೆಯೊಂದಿಗೆ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಕಂಬಳ-ಜಾತ್ರೆಗಳು ಮುಗಿದಿರುತ್ತವೆ, ಶಾಲೆಗಳು ಆರಂಭಗೊಂಡಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನುಗಾರರಿಗೂ ಬಂದು ಮಾತನಾಡುವ ಬಿಡುವು ಇರುತ್ತದೆ. ಮಳೆಯ ಕಾರಣ ಬಯಲು ಪ್ರದರ್ಶನ ಸಾಧ್ಯವಿಲ್ಲ. ಮೂಡುಬಿದಿರೆಯ ಸಮಾಜ ಮಂದಿರದಂತಹ ಸಭಾಭವನಗಳು, ಶಾಲಾ ಸಭಾಂಗಣಗಳು ಸಾಕು. ಅಲ್ಲದೆ ಹೊರಗೆ ತೋಡು ತುಂಬಿ ಹರಿಯುತ್ತಿರುವಾಗ ನೋಡಿದ ಚಿತ್ರ ಒಣ ದಿನದಲ್ಲಿ ನೋಡಿದ್ದಕ್ಕಿಂತ ಬೇಗ ಅರ್ಥವಾಗುತ್ತದೆ.

ಕಾನೂನಿನ ಕೆಲವು ಅಂಶಗಳನ್ನು ಸಂಘಟಕರು ಲಕ್ಷಿಸಬೇಕು. ಯೂಟ್ಯೂಬ್‌ನಲ್ಲಿ ಪುಕ್ಕಟೆ ದೊರೆಯುವ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸಲು ಹಕ್ಕುದಾರರ ಲಿಖಿತ ಅನುಮತಿ ಬೇಕು. ಪ್ರವೇಶ ಉಚಿತವೆಂಬುದು ಅದಕ್ಕೆ ಸಮಜಾಯಿಷಿಯಲ್ಲ. ವಿದ್ಯಾಸಂಸ್ಥೆಯು ತನ್ನ ಚಟುವಟಿಕೆಯ ಅಂಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗೆ ಸೀಮಿತವಾಗಿ ತೋರಿಸುವುದಕ್ಕೆ ಕೃತಿಸ್ವಾಮ್ಯ ಕಾಯಿದೆಯಲ್ಲಿ ರಿಯಾಯಿತಿ ಇದೆ. ಸಾರ್ವಜನಿಕ ಪ್ರದರ್ಶನಕ್ಕೆ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರವಿರಬೇಕು. ಚಿತ್ರೋತ್ಸವಗಳು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುವ ಕ್ರಮವೂ ಇದೆ.

ಹಣದ ವ್ಯವಸ್ಥೆ

ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಕಡ್ಡಾಯ ವೆಚ್ಚವು ರೂ. 500 ಕೋಟಿ ನಿವ್ವಳ ಮೌಲ್ಯ, ರೂ. 1,000 ಕೋಟಿ ವಹಿವಾಟು ಅಥವಾ ರೂ. 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳಿಗೆ ಅನ್ವಯ. ಈ ಮೂರು ಪೇಟೆಗಳ ಬಹುತೇಕ ವರ್ತಕರು ಅದರ ವ್ಯಾಪ್ತಿಗೆ ಬರುವುದಿಲ್ಲ. ಇವರು ಕೊಡುವುದೇನಿದ್ದರೂ ಸ್ವಂತ ಇಚ್ಛೆಯಿಂದ, ಆದುದರಿಂದಲೇ ಅದಕ್ಕೆ ತೂಕ ಹೆಚ್ಚು. ಅಂಗಡಿಯ ಹೆಸರು ಪ್ರದರ್ಶಿಸುವ ಕರಾರಿನೊಂದಿಗೆ ಕೊಟ್ಟ ಹಣವನ್ನು ಜಾಹೀರಾತು ವೆಚ್ಚವಾಗಿ ತೋರಿಸಲು ರಸೀದಿ ಮತ್ತು ಕರಾರುಪತ್ರ ಇರಬೇಕು. ದಾನವಾಗಿ ಕೊಟ್ಟರೆ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ಮಾನ್ಯತೆ ಇರಬೇಕು, ನಗದು ಮೊತ್ತ ರೂ. 2,000 ಮೀರಬಾರದು, ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗಳಿಗೆ ಈ ರಿಯಾಯಿತಿ ಇಲ್ಲ. ಪ್ರಾಯೋಜಕತ್ವ ನೀಡುವವರು ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯಾಗಿದ್ದು, ಪಡೆಯುವ ಸಮಿತಿ ಕಂಪನಿಯಲ್ಲದಿದ್ದರೆ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ರೀತ್ಯಾ ಕೊಡುವವರೇ ಕಟ್ಟಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಕ್ಷೇಮ.

ಮೊತ್ತ ದೊಡ್ಡದಾಗಬೇಕಿಲ್ಲ. ಒಬ್ಬ ದೊಡ್ಡ ಪ್ರಾಯೋಜಕನಿಗಿಂತ ನೂರು ಅಂಗಡಿಗಳು ತಲಾ ರೂ. 2,000 ಕೊಡುವುದು ಲೇಸು. ರೂ. 2 ಲಕ್ಷ ಕೂಡುವುದಷ್ಟೇ ಅಲ್ಲ, ಯಾವ ಚಿತ್ರ ಬೇಡವೆಂದು ಹೇಳುವ ಶಕ್ತಿ ಯಾರೊಬ್ಬರ ಕೈಗೂ ಹೋಗುವುದಿಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆ ನದಿಗೂ ನಿಧಿಗೂ ಒಂದೇ. ಆಯ್ಕೆಯನ್ನು ಶಿಕ್ಷಕರು, ಮೀನುಗಾರರ ಪ್ರತಿನಿಧಿ, ವರ್ತಕರ ಪ್ರತಿನಿಧಿ ಇರುವ ಸಣ್ಣ ಸಮಿತಿಗೆ ಬಿಟ್ಟು, ಪ್ರಾಯೋಜಕರು ಅದರಲ್ಲಿ ಕೈಯಾಡಿಸುವುದಿಲ್ಲವೆಂಬ ಕರಾರಿಗೆ ಮೊದಲೇ ಸಹಿ ಹಾಕಬೇಕು. ಹೆಸರು ಬರೆಸುವುದು ಬಟ್ಟೆಯ ಮೇಲೆ; ಫ್ಲೆಕ್ಸ್ ಕಟ್ಟಿ ಕಡಲಿನ ಉತ್ಸವ ಮಾಡುವುದು ಕಾನೂನಿಗೂ ವಿರೋಧ, ವಿವೇಕಕ್ಕೂ ವಿರೋಧ. ಚಹಾ ಸ್ಟೀಲಿನ ಲೋಟದಲ್ಲಿ, ತಿಂಡಿ ಹಾಳೆ ತಟ್ಟೆಯಲ್ಲಿ. ಉತ್ಸವ ಮುಗಿದ ಮೂವತ್ತು ದಿನಗಳೊಳಗೆ ಪರಿಶೋಧಿತ ಜಮಾ-ಖರ್ಚು ಪಟ್ಟಿಯನ್ನು ಪ್ರತಿ ಪೇಟೆಯ ಸೂಚನಾ ಫಲಕದಲ್ಲಿ ತೂಗುಹಾಕಬೇಕು.

ಜಮಾ-ಖರ್ಚಿನ ಕೆಳಗೆ ಇನ್ನೊಂದು ಪಟ್ಟಿಯೂ ಇರಬೇಕು: ವಂತಿಗೆ ಕೊಟ್ಟ ನೂರು ಅಂಗಡಿಗಳಲ್ಲಿ ಎಷ್ಟು ಅಂಗಡಿಗಳು ಒಣಕಸವನ್ನು ವಿಂಗಡಿಸಿ ಕೊಡಲಾರಂಭಿಸಿದವು, ಎಷ್ಟು ಹೋಟೆಲುಗಳು ಸಣ್ಣ ಬೂತಾಯಿ ಕೊಳ್ಳುವುದನ್ನು ನಿಲ್ಲಿಸಿದವು ಎಂಬ ಲೆಕ್ಕ. ಅದು ಸೊನ್ನೆಯಿದ್ದರೆ ಸೊನ್ನೆಯೆಂದೇ ಬರೆಯಬೇಕು. ಗುಜರಾತಿನ ಶಾರ್ಕ್ ಉಳಿದದ್ದು ಚಪ್ಪಾಳೆಯಿಂದಲ್ಲ, ಕತ್ತರಿಸಿದ ಬಲೆಗೆ ಕೊಟ್ಟ ಪರಿಹಾರದಿಂದ ಎಂಬುದನ್ನು ಆ ಪಟ್ಟಿ ನೆನಪಿಸುತ್ತಿರುತ್ತದೆ.

2024ರ ಆರಂಭದಲ್ಲಿ ಮಂಗಳೂರು ಸಮೀಪದ ತಣ್ಣೀರುಬಾವಿ, ಸಸಿಹಿತ್ಲು ಮೊದಲಾದ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟವು. ಅರಣ್ಯ ಇಲಾಖೆಯೂ ಮೀನುಗಾರರೂ ಗೂಡುಗಳಿಗೆ ಕಾವಲು ಕುಳಿತು ಮರಿಗಳನ್ನು ನೀರಿಗೆ ಬಿಟ್ಟರು. ಮೂಡುಬಿದಿರೆಯ ತೊರೆಗಳ ನೀರು ಹೊತ್ತ ನಂದಿನಿ ಕಡಲನ್ನು ಮುಟ್ಟುವುದು ಅದೇ ಸಸಿಹಿತ್ಲಿನ ಬಳಿ. ತೀರದವರು ತಮ್ಮ ಪಾಲಿನ ಕಾವಲು ಕಾದಿದ್ದಾರೆ. ಮೇಲಿನಿಂದ ಏನು ಹರಿದುಬರಬೇಕೆಂಬುದನ್ನು ತೀರ್ಮಾನಿಸುವ ಸರದಿ ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವರ್ತಕರದು. ಬರುವ ಜೂನ್ ತಿಂಗಳಿಗೆ ಸಮಿತಿ ರಚನೆಯಾಗಬೇಕಾದರೆ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಈಗಲೇ ಸೇರಿಸುವುದು ಯುಕ್ತ.